ತೋನ್ಸೆಪಾರ್: ಕಲ್ಗಂಬಗಳ ನಡುಗಡ್ಡೆಯಲ್ಲಿ ಒಂದು ಹಗಲು

'ದ್ವೀಪ' ಶಬ್ದವನ್ನು ವೈಯಾಕರಣರು 'ದ್ವಿ' ಮತ್ತು 'ಅಪ್' ಎಂದು ಬಿಡಿಸುತ್ತಾರೆ. ಎರಡು ಕಡೆಗಳಲ್ಲಿ ನೀರುಳ್ಳದ್ದು ದ್ವೀಪ. 'ಅಪ್' ಶಬ್ದದ ಅಕಾರಕ್ಕೆ ಇಲ್ಲಿ ಈಕಾರವನ್ನು ವಿಧಿಸಿದವನು ಪಾಣಿನಿ. ಕನ್ನಡದಲ್ಲಿ ಅದು ನಡುಗಡ್ಡೆಯಾಯಿತು. ಕರಾವಳಿಯವರು ನದಿಯ ನಡುವಣ ನೆಲಕ್ಕೆ ಕುದ್ರು ಎನ್ನುತ್ತಾರೆ. ಕಲ್ಯಾಣಪುರದ ಮಗ್ಗುಲಲ್ಲಿ ಹರಿಯುವ ಸುವರ್ಣಾ ನದಿಯಲ್ಲಿ ಇಂಥ ಕುದ್ರುಗಳುಂಟು. ಕೆಮ್ಮಣ್ಣಿನ ತಿಮ್ಮಣ್ಣಕುದ್ರು ತನ್ನ ತೂಗುಸೇತುವೆಯಿಂದ ಹೆಸರಾಗಿದೆ. ಆದರೆ ಘಟ್ಟದ ಮೇಲಿನ ಶಾಲೆಗಳಿಂದ ಉಡುಪಿಗೆ ಪ್ರವಾಸ ಬರುವ ಮಕ್ಕಳು ಕೇಳುವುದು ಕಡಲಿನ ದ್ವೀಪವನ್ನು. ಅದನ್ನು ಕುರಿತು ನಾಲ್ಕು ಮಾತುಗಳನ್ನು ಅಧ್ಯಾಪಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಮಲ್ಪೆಯ ಬಂದರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ, ದೋಣಿಯಲ್ಲಿ ಅರ್ಧ ತಾಸಿನ ಹಾದಿಯಲ್ಲಿ, ಸೇಂಟ್ ಮೇರೀಸ್ ಎಂಬ ದ್ವೀಪಸಮೂಹವಿದೆ. ಇದರಲ್ಲಿ ಮುಖ್ಯವಾದವು ನಾಲ್ಕು. ವಾಸ್ಕೋ ಡ ಗಾಮನು 1498ರಲ್ಲಿ ಇಲ್ಲಿ ಇಳಿದು ಮಾತೆ ಮೇರಿಯ ಹೆಸರನ್ನಿಟ್ಟನೆಂದು ಪ್ರತೀತಿ. ಸ್ಥಳೀಯರ ಬಾಯಲ್ಲಿ ಇದು ತೋನ್ಸೆಪಾರ್. ತೋನ್ಸೆ ಕಲ್ಯಾಣಪುರಕ್ಕೆ ಹೊಂದಿದ ಊರು. ಬಂಡೆಗೆ ತುಳುವಿನಲ್ಲಿ ಪಾದೆ, ತಮಿಳಿನಲ್ಲಿ ಪಾರೈ, ಮಲಯಾಳದಲ್ಲಿ ಪಾರ ಎಂಬ ಮಾತುಗಳಿರುವುದನ್ನು ನೋಡಿದರೆ, 'ತೋನ್ಸೆಯ ಬಂಡೆ' ಎಂಬರ್ಥವನ್ನು ಊಹಿಸಲು ನನಗೆ ಆಸೆಯಾಗುತ್ತದೆ. ಊಹೆಯೇ ಹೊರತು ಸಿದ್ಧಾಂತವಲ್ಲ.

ಇಲ್ಲಿ ನೋಡತಕ್ಕದ್ದು ಆ ಬಂಡೆಯನ್ನೇ. ನೆಲದಿಂದ ನೆಟ್ಟಗೆ ಎದ್ದ ಸಾಲು ಸಾಲು ಕಲ್ಗಂಬಗಳು, ಹೆಚ್ಚಿನವು ಆರು ಮೂಲೆಯವು, ಕೆಲವು ಐದು ಅಥವಾ ಏಳು ಮೂಲೆಯವು, ಶಿಲ್ಪಿಯೊಬ್ಬನು ಉಳಿಯಿಂದ ಕಡೆದು ಜೋಡಿಸಿದಂತೆ ನಿಂತಿವೆ. ಬೇಸಗೆಯಲ್ಲಿ ಕೆರೆಯ ಅಂಗಳ ಒಣಗಿದಾಗ ಕೆಸರು ಕುಗ್ಗಿ ಬಹುಕೋನಗಳಾಗಿ ಬಿರಿಯುವುದನ್ನು ನಮ್ಮ ಮಕ್ಕಳೆಲ್ಲರೂ ಕಂಡಿದ್ದಾರೆ. ಇಲ್ಲಿ ಬಿರಿದದ್ದು ಕೆಸರಲ್ಲ, ಲಾವಾರಸ. ಅದು ಮೇಲಿನಿಂದಲೂ ಕೆಳಗಿನಿಂದಲೂ ಮೆಲ್ಲಮೆಲ್ಲನೆ ತಣಿಯುತ್ತ ಕುಗ್ಗಿದಾಗ, ಮೈಮೇಲೆ ಮೂಡಿದ ಬಿರುಕು ಒಳಕ್ಕೆ ಇಳಿಯುತ್ತ ಹೋಗಿ ಕಂಬವಾಯಿತು. ಇದು ಸುಮಾರು 8.8 ಕೋಟಿ ವರ್ಷಗಳ ಹಿಂದಿನ ಮಾತು; ಮಡಗಾಸ್ಕರ್ ಆಗ ನಮ್ಮ ನೆಲಕ್ಕೆ ಅಂಟಿಕೊಂಡಿದ್ದು, ಆ ಕಾಲದಲ್ಲಿ ಕಳಚಿಕೊಂಡು ಬೇರೆಯಾಯಿತು. ಮಾರ್ಗದರ್ಶಿ ಪುಸ್ತಕಗಳು ಇದನ್ನು ಬಸಾಲ್ಟ್ ಶಿಲೆಯೆಂದು ಬರೆಯುವುದುಂಟು. ಭೂವಿಜ್ಞಾನಿಗಳ ಪ್ರಕಾರ ಇದು ಸಿಲಿಕಾಂಶ ಹೆಚ್ಚಿರುವ ರಯೊಲೈಟ್ ವರ್ಗದ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಆದುದರಿಂದ ಕಂಬಗಳ ಮೇಲೆ ಹೆಸರು ಕೆತ್ತುವುದೂ, ಶಾಲೆಯ ವಸ್ತುಸಂಗ್ರಹಕ್ಕೆಂದು ಒಂದು ತುಂಡನ್ನು ಒಡೆದು ತರುವುದೂ ಸಲ್ಲದು.

ನೆರೆಯ ದರಿಯಾ ಬಹಾದ್ದೂರ್ ಗಡದ ಕೋಟೆಯನ್ನು ಬಿದನೂರಿನ ಬಸಪ್ಪ ನಾಯಕನು ಕಟ್ಟಿಸಿದನೆನ್ನುತ್ತಾರೆ. ವೀರಶೈವ ಅರಸರು ಘಟ್ಟದ ಮೇಲೆ ಕುಳಿತು ಕಡಲನ್ನೂ ಕಾಯುತ್ತಿದ್ದರೆಂಬುದನ್ನು ನಮ್ಮ ಮಕ್ಕಳು ತಿಳಿಯಬೇಕು.

ಇನ್ನು ಕಠಿಣವಾದ ಮಾತು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಬಾಲಕಿಯರು ತೀರಿಕೊಂಡರು. ಇಂಥ ವಾರ್ತೆ ಬಂದಾಗಲೆಲ್ಲ ಪ್ರವಾಸವನ್ನೇ ನಿಲ್ಲಿಸಿರೆಂದು ಹಿರಿಯರು ಹೇಳುತ್ತಾರೆ. ನನಗೆ ಅದು ಸಮ್ಮತವಲ್ಲ. ಬಯಲುಸೀಮೆಯ ಮಗು ಕಡಲನ್ನು ನೋಡದೆ ಬೆಳೆಯುವುದು ದೊಡ್ಡ ನಷ್ಟ. ಆದರೆ ಕೆರೆಯಲ್ಲಿ ಕಲಿತ ಈಜು ಕಡಲಿಗೆ ಸಾಲದು. ತೀರಕ್ಕೆ ಬಡಿದ ನೀರು ಹಿಂದಿರುಗುವಾಗ ಇಕ್ಕಟ್ಟಾದ ಹಾದಿ ಹಿಡಿದು ರಭಸದಿಂದ ಒಳಕ್ಕೆ ಎಳೆಯುತ್ತದೆ, ಮೇಲಿನಿಂದ ನೋಡಿದವನಿಗೆ ಆ ಜಾಗವೇ ಶಾಂತವಾಗಿ ಕಾಣುತ್ತದೆ. ಪಾಚಿ ಹಿಡಿದ ಕಂಬಗಳ ತುದಿ ಇನ್ನೂ ಅಪಾಯಕರ; ಭಾವಚಿತ್ರದ ಆಸೆಗೆ ಅಲ್ಲಿ ನಿಲ್ಲುವವರೇ ಹೆಚ್ಚು. ನೂರು ಮಕ್ಕಳಿಗೆ ಮೂವರು ಅಧ್ಯಾಪಕರೆಂಬ ಲೆಕ್ಕ ಬಿಡಬೇಕು. ಹತ್ತು ಮಕ್ಕಳಿಗೆ ಒಬ್ಬರಂತೆ ಹೊರಡಿ, ದೋಣಿಯಲ್ಲಿ ಪ್ರತಿಯೊಬ್ಬರಿಗೂ ತೇಲುಕವಚವಿರಲಿ, ಮೊಣಕಾಲಿನಿಂದಾಚೆಗೆ ನೀರಿಗಿಳಿಯುವುದು ಬೇಡ. ಮಳೆಗಾಲದಲ್ಲಿ ದೋಣಿಯಾನವೇ ನಿಂತಿರುತ್ತದೆ.

ದ್ವೀಪದ ತೀರದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಮಕ್ಕಳು ಜೇಬು ತುಂಬಿಕೊಳ್ಳುತ್ತಾರೆ. ಬರಿದಾದ ಚಿಪ್ಪಿಗೆ ಒಡೆಯರಿಲ್ಲವೆಂದು ತಿಳಿಯಬಾರದು. ಸನ್ಯಾಸಿ ಏಡಿಯೆಂಬ ಪ್ರಾಣಿಯ ಹಿಂಭಾಗ ಮೆದು. ಅದು ಸತ್ತ ಶಂಖದ ಮನೆಯನ್ನು ಹೊಕ್ಕು, ಹೊತ್ತು ತಿರುಗುತ್ತದೆ. ಮೈ ಬೆಳೆದಂತೆ ಇನ್ನೂ ದೊಡ್ಡ ಮನೆಯನ್ನು ಹುಡುಕುತ್ತದೆ. (ಮಠ ಬಿಟ್ಟು ಮಠ ಸೇರುವ ಈ ಸನ್ಯಾಸಿಗೆ ಹೆಸರಿಟ್ಟವರು ರಸಿಕರೇ ಇರಬೇಕು.) 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹವಳಗಳನ್ನೂ ಕಡಲಕುದುರೆಯನ್ನೂ ಕೆಲವು ಜಾತಿಯ ಶಂಖ, ಕವಡೆಗಳನ್ನೂ ರಕ್ಷಿಸುತ್ತದೆ. ಡಾಲ್ಫಿನ್ ಕಂಡರೆ ಬೆನ್ನಟ್ಟೆಂದು ದೋಣಿಯವನನ್ನು ಒತ್ತಾಯಿಸಬಾರದು. ಯಂತ್ರವನ್ನು ತಗ್ಗಿಸಿ ಕಾದರೆ ಅವು ತಾವಾಗಿ ಬಂದರೂ ಬಂದಾವು. ಉತ್ತರದ ಕೋಡಿ, ಮರವಂತೆಯ ಮರಳಿನಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡುತ್ತವೆ. ಒಂದು ಗೂಡಿಗೆ ನೂರರ ಆಸುಪಾಸು. ಒಂದೂವರೆ ಎರಡು ತಿಂಗಳಿಗೆ ಹೊರಬರುವ ಮರಿಗಳು ಬೆಳಕಿನತ್ತ ನಡೆದು ಕಡಲನ್ನು ಸೇರುತ್ತವೆ. ತೀರದಲ್ಲಿ ದೀಪ ಹೊತ್ತಿಸಿದರೆ ಅವು ದಾರಿತಪ್ಪಿ ಊರ ಕಡೆಗೆ ನಡೆಯುತ್ತವೆ.

ಇನ್ನೂ ಸಾಹಸ ಬೇಕೆನ್ನುವ ಹಳೆಯ ವಿದ್ಯಾರ್ಥಿಗಳಿಗೆ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪವಿದೆ. ಉಸಿರಿನ ಕೊಳವೆಯನ್ನು ಕಟ್ಟಿಕೊಂಡು ತರಬೇತಾದವರ ಕೈಹಿಡಿದು ಅಲ್ಲಿ ಮುಳುಗಿದರೆ ಹವಳವನ್ನೂ ಬಣ್ಣದ ಮೀನುಗಳನ್ನೂ ಅವುಗಳ ಮನೆಯಲ್ಲಿಯೇ ನೋಡಬಹುದು, ಮುಟ್ಟದೆ. ಶಾಲೆಯ ಮಕ್ಕಳನ್ನು ಅಲ್ಲಿಗೆ ಒಯ್ಯುವುದು ಬೇಡ; ಅವರಿಗೆ ತೋನ್ಸೆಪಾರಿನ ಒಂದು ಹಗಲು, ಒಂದು ಬರೆಯುವ ಪುಸ್ತಕ, ಕಂಬದ ಮೂಲೆಗಳನ್ನೆಣಿಸಿ ಚಿತ್ರ ಬರೆಯಲು ಒಂದು ಸೀಸದಕಡ್ಡಿ ಸಾಕು.