ಸಂಶೋಧನ ಪ್ರಬಂಧದಲ್ಲಿ ವಚನಗಳ ಉಲ್ಲೇಖ: ವಿದ್ಯಾರ್ಥಿಗಳಿಗೆ ಕೆಲವು ಮಾತುಗಳು

ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳೂ ಪಿಎಚ್.ಡಿ. ಪದವಿಗಾಗಿ ಅಭ್ಯಾಸ ಮಾಡುವವರೂ ವಚನಸಾಹಿತ್ಯವನ್ನು ಕುರಿತು ಬರೆದ ಪ್ರಬಂಧಗಳನ್ನು ಪರಿಶೀಲಿಸುವ ಅವಕಾಶ ಹಲವು ವರ್ಷಗಳಿಂದ ನನಗೆ ಒದಗಿ ಬಂದಿದೆ. ಶ್ರಮವಿಲ್ಲದೆ ಬರೆದವು ಅವುಗಳಲ್ಲಿ ಕೆಲವಿರುವುದು ಸಹಜ. ಅವುಗಳ ಮಾತು ಬೇರೆ. ಆದರೆ ಶ್ರದ್ಧೆಯಿಂದ ದುಡಿದು ಬರೆದ ಪ್ರಬಂಧಗಳೂ ಒಂದೇ ಬಗೆಯ ದೋಷದಿಂದ ಬಲಗುಂದುವುದನ್ನು ಕಂಡಾಗ ವ್ಯಥೆಯಾಗುತ್ತದೆ. ಪ್ರಬಂಧಕಾರನು ಹೇಳಿದ ಮಾತಿನಿಂದ ಆ ಮಾತಿನ ಆಕರದವರೆಗೆ ಓದುಗನು ನಡೆದುಹೋಗಲು ದಾರಿಯೇ ಇಲ್ಲದಿರುವುದು ಆ ದೋಷ. ಉಪನ್ಯಾಸದಲ್ಲಿ ವಚನವೊಂದನ್ನು ನೆನಪಿನಿಂದ ಹೇಳಿದರೆ ಯಾರೂ ಅದರ ಸಂಖ್ಯೆಯನ್ನು ಕೇಳುವುದಿಲ್ಲ. ಪ್ರಬಂಧದ ಓದುಗನಾದರೋ ನಮ್ಮ ನಿರ್ಣಯವನ್ನು ತಾನೇ ಪರೀಕ್ಷಿಸಿ ನೋಡುವ ಹಕ್ಕುಳ್ಳವನು. ಅವನಿಗೆ ಆ ಅನುಕೂಲವನ್ನು ಒದಗಿಸದ ಬರವಣಿಗೆ ಎಷ್ಟೇ ಸೊಗಸಾಗಿದ್ದರೂ ಸಂಶೋಧನೆ ಎನಿಸಲಾರದು.

ಪರರ ತಪ್ಪುಗಳನ್ನು ಎಣಿಸುವ ಮೊದಲು ನನ್ನದನ್ನೇ ಹೇಳಿಬಿಡುತ್ತೇನೆ. ವಿದ್ಯಾರ್ಥಿದೆಸೆಯಲ್ಲಿ ಷಟ್ಸ್ಥಲವನ್ನು ಕುರಿತು ಒಂದು ಪ್ರಬಂಧ ಬರೆಯುತ್ತಿದ್ದೆ. ಎಲ್ಲಿಯೋ ಓದಿದ ವಚನವೊಂದನ್ನು ಚೀಟಿಯಲ್ಲಿ ಬರೆದುಕೊಂಡು, ಕೆಳಗೆ ‘ಬಸವಣ್ಣ’ ಎಂದಷ್ಟೇ ಗುರುತು ಹಾಕಿದ್ದೆ. ಸ್ಥಲಗಳ ಒಳಭೇದಗಳನ್ನು ಬಸವಣ್ಣನವರೇ ಶಾಸ್ತ್ರೀಯವಾಗಿ ವಿಂಗಡಿಸಿದ್ದರೆಂದು ಆ ಒಂದು ವಚನದ ಬಲದಿಂದ ಮೂರು ಪುಟ ವಾದ ಬೆಳೆಸಿದೆ. ನಮ್ಮ ಗುರುಗಳು ಓದಿ, “ಈ ವಚನದ ಸಂಖ್ಯೆ ಎಷ್ಟು?” ಎಂದು ಮಾತ್ರ ಕೇಳಿದರು. ನಾಲ್ಕು ದಿನ ಗ್ರಂಥಾಲಯದಲ್ಲಿ ಕುಳಿತು ಹುಡುಕಿದರೂ ಬಸವಣ್ಣನವರ ವಚನಗಳಲ್ಲಿ ಅದು ಸಿಗಲಿಲ್ಲ. ಐದನೆಯ ದಿನ ಚೆನ್ನಬಸವಣ್ಣನವರ ವಚನಗಳಲ್ಲಿ ಸಿಕ್ಕಿತು. ಅಂಕಿತವನ್ನು ಬರೆದುಕೊಳ್ಳುವಾಗ ‘ಚೆನ್ನ’ ಎಂಬ ಎರಡು ಅಕ್ಷರಗಳನ್ನು ನಾನು ಬಿಟ್ಟಿದ್ದೆ. ಆ ಎರಡು ಅಕ್ಷರಗಳೊಡನೆ ನನ್ನ ಮೂರು ಪುಟಗಳೂ ಬಿದ್ದುಹೋದವು.

‘ಕೂಡಲಸಂಗಮದೇವ’ ಎಂಬುದು ಬಸವಣ್ಣನವರ ಅಂಕಿತ, ‘ಕೂಡಲಚೆನ್ನಸಂಗಮದೇವ’ ಎಂಬುದು ಚೆನ್ನಬಸವಣ್ಣನವರದು ಎಂಬುದನ್ನು ಅರಿಯದ ವಿದ್ಯಾರ್ಥಿಯಿಲ್ಲ. ಅರಿತೂ ಅವಸರದಲ್ಲಿ ತಪ್ಪುವುದೇ ಇಲ್ಲಿನ ಅಪಾಯ. ನೀಲಮ್ಮನವರ ವಚನಗಳಲ್ಲಿ ಬರುವ ‘ಸಂಗಯ್ಯ’ನನ್ನು ಕಂಡು ಬಸವಣ್ಣನವರ ವಚನವೆಂದು ಭ್ರಮಿಸುವುದುಂಟು. ‘ಚೆನ್ನಮಲ್ಲಿಕಾರ್ಜುನ’ ಅಕ್ಕಮಹಾದೇವಿಯವರ ಅಂಕಿತ, ‘ಕಪಿಲಸಿದ್ಧಮಲ್ಲಿಕಾರ್ಜುನ’ ಸಿದ್ಧರಾಮರದು. ‘ಮಲ್ಲಿಕಾರ್ಜುನ’ ಎಂಬ ಅರ್ಧ ಅಂಕಿತವನ್ನು ಮಾತ್ರ ಬರೆದುಕೊಂಡ ಚೀಟಿ ಆರು ತಿಂಗಳ ನಂತರ ಯಾರದೆಂದು ಹೇಳಲಾರದು. ಆದಕಾರಣ ವಚನವನ್ನು ಪ್ರತಿ ಮಾಡಿಕೊಳ್ಳುವಾಗ ಅಂಕಿತವನ್ನು ಅಕ್ಷರಶಃ ಪೂರ್ಣವಾಗಿ ಬರೆದುಕೊಳ್ಳತಕ್ಕದ್ದು. ಮಧ್ಯದಲ್ಲಿ ಪಂಕ್ತಿಗಳನ್ನು ಬಿಟ್ಟಿದ್ದರೆ ಬಿಟ್ಟ ಸ್ಥಳದಲ್ಲಿ ಚುಕ್ಕೆಗಳನ್ನಿಡಬೇಕು. ವಚನದ ಮೊದಲೆರಡು ಪಂಕ್ತಿಗಳನ್ನು ತೆಗೆದುಕೊಂಡು, ಅದರ ಅಭಿಪ್ರಾಯವನ್ನೇ ತಿರುಗಿಸಿಬಿಡುವ ಕೊನೆಯ ಪಂಕ್ತಿಯನ್ನು ಕೈಬಿಟ್ಟ ಉದಾಹರಣೆಗಳನ್ನೂ ನಾನು ಕಂಡಿದ್ದೇನೆ. ಇದು ಅಜಾಗರೂಕತೆಯಲ್ಲ, ಅದಕ್ಕಿಂತ ಗುರುತರವಾದುದು.

ಇನ್ನು ಆವೃತ್ತಿಯ ವಿಚಾರ. ‘ಬಸವಣ್ಣ, ವಚನ 124’ ಎಂದು ಅಡಿಟಿಪ್ಪಣಿ ಕೊಟ್ಟರೆ ಸಾಲದು. ಯಾವ ಸಂಪಾದನೆಯ 124 ಎಂಬ ಪ್ರಶ್ನೆ ಕೂಡಲೇ ಏಳುತ್ತದೆ. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಪ್ರಕಟಿಸಿದ ಮೇಲೆ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ ಮೊದಲಾದ ವಿದ್ವಾಂಸರು ಬಸವಣ್ಣನವರ ವಚನಗಳನ್ನು ಬೇರೆ ಬೇರೆಯಾಗಿ ಸಂಪಾದಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳನ್ನು ಹೊರತಂದಿತು. ಈ ಸಂಪಾದನೆಗಳಲ್ಲಿ ವಚನಗಳ ಕ್ರಮವೂ ಸಂಖ್ಯೆಯೂ ಒಂದೇ ಆಗಿಲ್ಲ; ಕೆಲವೆಡೆ ಪಾಠವೂ ಭಿನ್ನ. ಆದ್ದರಿಂದ ಪ್ರಬಂಧದ ಆದಿಯಲ್ಲಿಯೇ ಒಂದು ಸಂಪಾದನೆಯನ್ನು ಆಧಾರವಾಗಿ ಆರಿಸಿಕೊಂಡು, ಅದನ್ನು ಸ್ಪಷ್ಟವಾಗಿ ಹೇಳಿ, ಕೊನೆಯವರೆಗೂ ಅದನ್ನೇ ಅನುಸರಿಸುವುದು ಲೇಸು. ಬೇರೆ ಸಂಪಾದನೆಯ ಪಾಠವನ್ನು ತೆಗೆದುಕೊಳ್ಳಬೇಕಾಗಿ ಬಂದಲ್ಲಿ ಕಾರಣವನ್ನು ಅಡಿಟಿಪ್ಪಣಿಯಲ್ಲಿ ತಿಳಿಸಬೇಕು. ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ ‘ಸ್ಪೀಕಿಂಗ್ ಆಫ್ ಶಿವ’ ಎಂಬ ಇಂಗ್ಲಿಷ್ ಅನುವಾದದಲ್ಲಿ ಬಸವಣ್ಣನವರ ಪ್ರತಿಯೊಂದು ವಚನಕ್ಕೂ ಬಸವನಾಳರ ಸಂಪಾದನೆಯ ಸಂಖ್ಯೆಯನ್ನು ಕೊಟ್ಟಿದ್ದಾರೆ. ಕನ್ನಡವರಿಯದ ಓದುಗರಿಗಾಗಿ ಸಿದ್ಧಪಡಿಸಿದ ಪುಸ್ತಕದಲ್ಲಿಯೂ ಮೂಲಕ್ಕೆ ಹೋಗುವ ದಾರಿಯನ್ನು ಅವರು ಮುಚ್ಚಲಿಲ್ಲ. ಕನ್ನಡದಲ್ಲಿಯೇ ಬರೆಯುವ ನಮಗೆ ಅದು ಭಾರವೆನಿಸುವುದು ವಿಚಿತ್ರವೇ ಸರಿ.

ಈಗ ಅಂತರ್ಜಾಲದಲ್ಲಿ ‘ವಚನ ಸಂಚಯ’ದಂತಹ ತಾಣಗಳಿದ್ದು, ಒಂದು ಪದವನ್ನು ಹಿಡಿದು ಸಾವಿರಾರು ವಚನಗಳಲ್ಲಿ ಹುಡುಕುವುದು ಕ್ಷಣದ ಕೆಲಸವಾಗಿದೆ. ನನ್ನ ನಾಲ್ಕು ದಿನಗಳನ್ನು ನೆನೆದರೆ ಇಂದಿನ ವಿದ್ಯಾರ್ಥಿಗಳ ಬಗ್ಗೆ ಸ್ವಲ್ಪ ಅಸೂಯೆಯೂ ಆಗುತ್ತದೆ. ಹುಡುಕಲು ಇವು ಬಹಳ ಉಪಯುಕ್ತ. ಹುಡುಕಿ ಸಿಕ್ಕಿದ್ದನ್ನು ಮುದ್ರಿತ ಸಂಪುಟದೊಡನೆ ತಾಳೆ ನೋಡಿಯೇ ಉಲ್ಲೇಖಿಸಬೇಕು. ಮೊಬೈಲಿನಲ್ಲಿ ಕೈಯಿಂದ ಕೈಗೆ ಹರಿದುಬರುವ ‘ವಚನ’ಗಳ ವಿಷಯವನ್ನಂತೂ ಹೇಳದಿರುವುದೇ ಮೇಲು.

ಎಲ್ಲಕ್ಕಿಂತ ವ್ಯಾಪಕವಾದ ತಪ್ಪೆಂದರೆ ಎರವಲು ಉಲ್ಲೇಖ. ವಿದ್ಯಾರ್ಥಿಯು ಒಬ್ಬ ಹಿರಿಯ ವಿದ್ವಾಂಸರ ವಿಮರ್ಶಾಗ್ರಂಥವನ್ನು ಓದುತ್ತಾನೆ. ಅದರಲ್ಲಿ ಒಂದು ಶಾಸನದ ಪಂಕ್ತಿಯೋ ಪುರಾಣದ ಪದ್ಯವೋ ಉದ್ಧೃತವಾಗಿರುತ್ತದೆ. ಅದನ್ನು ಎತ್ತಿಕೊಂಡು, ಅಡಿಟಿಪ್ಪಣಿಯಲ್ಲಿ ವಿಮರ್ಶಾಗ್ರಂಥದ ಹೆಸರನ್ನು ಬಿಟ್ಟು, ನೇರವಾಗಿ ಶಾಸನ ಸಂಪುಟದ ಹೆಸರನ್ನೇ ಬರೆಯುತ್ತಾನೆ. ಆ ಸಂಪುಟವನ್ನು ಅವನು ಕಣ್ಣಿನಿಂದಲೂ ನೋಡಿರುವುದಿಲ್ಲ. ಇದರಲ್ಲಿ ಯಾರಿಗೆ ಏನು ನಷ್ಟ ಎಂದು ಕೆಲವರು ಕೇಳಬಹುದು. ಹಿರಿಯರ ಗ್ರಂಥದಲ್ಲಿ ಅಚ್ಚಿನ ದೋಷದಿಂದ ಪುಟಸಂಖ್ಯೆ ತಪ್ಪಾಗಿದ್ದರೆ ಅದೇ ತಪ್ಪು ಸಂಖ್ಯೆ ಈ ಪ್ರಬಂಧದಲ್ಲಿಯೂ, ಇದನ್ನು ನೋಡಿ ಬರೆಯುವ ಮುಂದಿನ ಪ್ರಬಂಧದಲ್ಲಿಯೂ ಬರುತ್ತದೆ. ಮೂವರು ಬರೆದಿದ್ದಾರೆಂದು ನಾಲ್ಕನೆಯವನು ಅದನ್ನು ನಂಬುತ್ತಾನೆ. ಸಾಕ್ಷಿ ಮೂರಲ್ಲ, ಒಂದೇ; ಅದೂ ತಪ್ಪಿನದು. ಪರೀಕ್ಷಕನಿಗೆ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ ಎಂಬುದನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಒಂದು ಅಕ್ಷರದ ದೋಷ ಎರಡು ಪುಸ್ತಕಗಳಲ್ಲಿ ಒಂದೇ ಸ್ಥಳದಲ್ಲಿ ಬಂದರೆ ಅದು ತಾನಾಗಿ ಹುಟ್ಟಿದ್ದಲ್ಲ. ಓಲೆಪ್ರತಿಗಳ ಸಂಬಂಧವನ್ನು ಗ್ರಂಥಸಂಪಾದಕರು ಗುರುತಿಸುವುದೂ ಈ ಬಗೆಯಿಂದಲೇ. ಮೂಲವು ನಿಜವಾಗಿಯೂ ದೊರೆಯದಿದ್ದಲ್ಲಿ ‘ಇಂಥವರ ಗ್ರಂಥದಲ್ಲಿ ಉದ್ಧೃತ’ ಎಂದು ಬರೆಯಲು ಸಂಕೋಚವೇಕೆ? ಅದರಿಂದ ಪ್ರಬಂಧದ ಮರ್ಯಾದೆ ಕುಂದುವುದಿಲ್ಲ.

ಆಕರ ದೊರೆತ ಮೇಲೆ ಅದು ಯಾವ ಕಾಲದ್ದೆಂದು ಕೇಳಿಕೊಳ್ಳುವ ಅಭ್ಯಾಸವೂ ಬೇಕು. ಭೀಮಕವಿಯು ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯನ್ನು ಆಧರಿಸಿ ಕನ್ನಡದಲ್ಲಿ ‘ಬಸವಪುರಾಣ’ವನ್ನು ರಚಿಸಿದ್ದು ಶಕ 1291ರಲ್ಲಿ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿ.ಶ. 1369 ಆಗುತ್ತದೆ. (ತಿಥಿಯು ಶಕವರ್ಷದ ಕೊನೆಯ ಭಾಗದಲ್ಲಿ, ಜನವರಿಯ ಈಚೆ ಬಿದ್ದರೆ 79ನ್ನು ಕೂಡಿಸಬೇಕು.) ಈ ಕೂಡಿಕೆಯನ್ನು ಮರೆತು 1291ನ್ನೇ ಕ್ರಿಸ್ತಶಕವೆಂದು ಬರೆದರೆ ಕವಿಯು ಒಂದು ಶತಮಾನ ಹಿಂದಕ್ಕೆ ಸರಿಯುತ್ತಾನೆ. ಲೆಕ್ಕ ಸರಿಯಾಗಿದ್ದರೂ ಇನ್ನೊಂದು ಎಡವು ಉಳಿದೇ ಇದೆ. ಕಲ್ಯಾಣದ ಘಟನೆಗಳಿಗೂ ಭೀಮಕವಿಗೂ ನಡುವೆ ಎರಡು ಶತಮಾನಗಳ ಅಂತರವಿದೆ. ಬಸವಣ್ಣನವರ ವಿಷಯವನ್ನು ಹೇಳುವ ಅರ್ಜುನವಾಡದ ಶಾಸನ ಕೂಡ 1260ರದು. ಹರಿಹರನ ‘ಬಸವರಾಜದೇವರ ರಗಳೆ’ ಶರಣರ ಕಾಲಕ್ಕೆ ಇವೆರಡಕ್ಕಿಂತಲೂ ಸಮೀಪದ್ದು. ಈ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿ ‘ಬಸವಣ್ಣನವರು ಹೀಗೆ ಮಾಡಿದರು’ ಎಂದು ಬರೆಯುವ ಬದಲು ‘ಭೀಮಕವಿಯ ಪ್ರಕಾರ’, ‘ಹರಿಹರನು ಹೇಳುವಂತೆ’ ಎಂಬ ಒಂದು ಮಾತನ್ನು ಸೇರಿಸಿದರೆ ವಾಕ್ಯವು ಸತ್ಯವಾಗುತ್ತದೆ.

‘ಶೂನ್ಯಸಂಪಾದನೆ’ಯ ವಿಷಯದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು. ಶಿವಗಣಪ್ರಸಾದಿ ಮಹಾದೇವಯ್ಯನು ಹದಿನೈದನೆಯ ಶತಮಾನದಲ್ಲಿ ಮೊದಲಿಗೆ ಸಂಕಲಿಸಿದ, ಮುಂದೆ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಪರಿಷ್ಕರಿಸಿ ವಿಸ್ತರಿಸಿದ ಈ ಕೃತಿಯಲ್ಲಿ ಬೇರೆ ಬೇರೆ ಶರಣರ ವಚನಗಳು ಸಂವಾದರೂಪದಲ್ಲಿ ಹೆಣೆಯಲ್ಪಟ್ಟಿವೆ. ವಚನಗಳು ಶರಣರವು, ಪ್ರಶ್ನೆಗೆ ಉತ್ತರವೆಂಬ ಆ ಜೋಡಣೆ ಸಂಕಲನಕಾರರದು. ‘ಅಕ್ಕನ ಈ ಮಾತಿಗೆ ಅಲ್ಲಮಪ್ರಭುವು ಹೀಗೆ ಉತ್ತರಿಸಿದನು’ ಎಂದು ಹನ್ನೆರಡನೆಯ ಶತಮಾನದ ಸಂಗತಿಯಂತೆ ಬರೆಯುವ ವಿದ್ಯಾರ್ಥಿಯು, ಸಂಕಲನಕಾರರ ಮಹತ್ತಾದ ಕಲೆಗಾರಿಕೆಯನ್ನು ವರದಿಯ ಮಟ್ಟಕ್ಕೆ ಇಳಿಸುತ್ತಾನೆ. ಅನುಭವಮಂಟಪವನ್ನು ಜಗತ್ತಿನ ಪ್ರಥಮ ಸಂಸತ್ತು ಎಂದು ವರ್ಣಿಸುವ ಪ್ರಬಂಧಗಳು ಹೇರಳವಾಗಿವೆ. ವೇದಿಕೆಯ ಮೇಲೆ ಅದಕ್ಕೆ ಚಪ್ಪಾಳೆ ಬೀಳಬಹುದು. ಪ್ರಬಂಧದಲ್ಲಿ ಮಾತ್ರ, ಮಂಟಪದ ವಿವರವಾದ ಚಿತ್ರ ನಮಗೆ ಯಾವ ಕಾಲದ ಯಾವ ಕೃತಿಯಿಂದ ದೊರೆಯಿತೆಂಬುದನ್ನು ಮೊದಲು ಹೇಳಬೇಕು. ‘ಸಂಸತ್ತು’ ಎಂಬ ಪದವನ್ನು ಯಾವ ಅರ್ಥದಲ್ಲಿ ಬಳಸಿದ್ದೇವೆಂಬುದನ್ನು ವಿವರಿಸಬೇಕು. ಹಾಗೆ ಮಾಡಿದಾಗ ಅಭಿಮಾನಕ್ಕೆ ಏನೂ ಕೊರತೆಯಾಗದು. ಆಧಾರ ತೋರಿಸದ ಹೊಗಳಿಕೆಯನ್ನು ಎದುರಾಳಿ ಒಂದೇ ಪ್ರಶ್ನೆಯಿಂದ ಕೆಡವಬಲ್ಲನು. ಆಗ ಅದರೊಡನೆ ನಿಜವಾದ ಸಂಗತಿಯೂ ಸಂಶಯಕ್ಕೆ ಗುರಿಯಾಗುತ್ತದೆ.

ಕೃತಿಚೌರ್ಯವನ್ನು ಕುರಿತು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ನಿಯಮಗಳನ್ನು ಹೊರಡಿಸಿತು. ಮಹಾಪ್ರಬಂಧದಲ್ಲಿ ಅನ್ಯರ ಬರಹದೊಡನೆ ಸಾಮ್ಯವು ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಒಪ್ಪಿಸಬೇಕು. 40ರಿಂದ 60ರವರೆಗಾದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಆಕರವನ್ನು ಹೇಳಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಸೇರುವುದಿಲ್ಲ. ಈ ಶೇಕಡಾ ಲೆಕ್ಕ ಬಂದಂದಿನಿಂದ ವಿದ್ಯಾರ್ಥಿಗಳಲ್ಲಿ ಒಂದು ಹೊಸ ಜಾಣತನ ಕಾಣಿಸಿಕೊಂಡಿದೆ: ‘ಶ್ರೇಷ್ಠ’ ಎಂದಿದ್ದಲ್ಲಿ ‘ಉತ್ತಮ’ ಎಂದೂ ‘ಹೇಳಿದ್ದಾರೆ’ ಎಂದಿದ್ದಲ್ಲಿ ‘ನುಡಿದಿದ್ದಾರೆ’ ಎಂದೂ ಬದಲಿಸಿ ಯಂತ್ರದ ಕಣ್ಣಿಗೆ ಮಣ್ಣೆರಚುವುದು. ಯಂತ್ರವು ಪದಗಳನ್ನು ಹೋಲಿಸಬಲ್ಲದು. ವಿಚಾರ ಯಾರದೆಂಬುದನ್ನು ಓದಿದವರು ಬಲ್ಲರು. ಒಬ್ಬರ ವಾದವನ್ನು ಸ್ವಂತ ಮಾತಿನಲ್ಲಿ ಸಂಗ್ರಹಿಸಿದಾಗಲೂ ಅವರ ಹೆಸರನ್ನು ಹೇಳಲೇಬೇಕು. ಅವರ ಮಾತು ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಮೊದಲಾಯಿತು ಎಂಬುದು ಓದುಗನಿಗೆ ಸಂಶಯಕ್ಕೆಡೆಯಿಲ್ಲದಂತೆ ತಿಳಿಯಬೇಕು.

ಭಾಷೆಯ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ. ‘ಬೋಧನೆ’ಯನ್ನು ‘ಭೋದನೆ’ ಎಂದೂ ‘ಅರ್ಥಗರ್ಭಿತ’ವನ್ನು ‘ಅರ್ಥಘರ್ಭಿತ’ ಎಂದೂ ‘ಕೂಲಂಕಷ’ವನ್ನು ‘ಕೂಲಂಕುಷ’ ಎಂದೂ ಬರೆಯುವವರು ಒಂದು ನಿಘಂಟನ್ನು ಮೇಜಿನ ಮೇಲಿಟ್ಟುಕೊಂಡರೆ ಸಾಕು. ಅದ್ವಿತೀಯ, ಅನುಪಮ, ಅಭೂತಪೂರ್ವ ಎಂಬ ವಿಶೇಷಣಗಳನ್ನು ಕರಡುಪ್ರತಿಯಿಂದ ಹೊಡೆದುಹಾಕಿ ಓದಿದಾಗ ವಾಕ್ಯದಲ್ಲಿ ಏನು ಉಳಿಯುತ್ತದೆಂದು ನೋಡಬೇಕು. ಎಷ್ಟೋ ವೇಳೆ ಏನೂ ಉಳಿಯುವುದಿಲ್ಲ.

ನನ್ನ ಬಳಿ ಬರುವ ವಿದ್ಯಾರ್ಥಿಗಳಿಗೆ ಈಗ ಒಂದು ಕೆಲಸ ಒಪ್ಪಿಸುತ್ತೇನೆ. ಪ್ರಬಂಧವು ಮುಗಿಯಿತೆಂದು ತೋರಿದ ಮೇಲೆ, ಹತ್ತು ಅಡಿಟಿಪ್ಪಣಿಗಳನ್ನು ಅಲ್ಲಲ್ಲಿಂದ ಆರಿಸಿ ಸಹಪಾಠಿಯೊಬ್ಬರ ಕೈಗೆ ಕೊಡಬೇಕು. ಅವರು ಪ್ರಬಂಧಕಾರನನ್ನು ಏನೂ ಕೇಳದೆ ಗ್ರಂಥಾಲಯಕ್ಕೆ ಹೋಗಿ, ಆ ಟಿಪ್ಪಣಿಗಳಲ್ಲಿರುವಷ್ಟನ್ನೇ ಹಿಡಿದುಕೊಂಡು ಮೂಲವನ್ನು ಹುಡುಕಬೇಕು. ಕಳೆದ ಸಲ ಒಬ್ಬ ವಿದ್ಯಾರ್ಥಿನಿಯ ಹತ್ತರಲ್ಲಿ ಆರು ಸಿಕ್ಕವು. ಉಳಿದ ನಾಲ್ಕರಲ್ಲಿ ಎರಡಕ್ಕೆ ಸಂಪುಟದ ಸಂಖ್ಯೆ ಬಿಟ್ಟುಹೋಗಿತ್ತು, ಒಂದರ ಪುಟ ತಪ್ಪಾಗಿತ್ತು. ಇನ್ನೊಂದು ವಚನ ಹೇಳಿದ ಸಂಪುಟದಲ್ಲಿ ಇರಲೇ ಇಲ್ಲ. ಅದನ್ನು ಆಕೆ ಇನ್ನೂ ಹುಡುಕುತ್ತಿದ್ದಾಳೆ.