ಮಿಂಚುಹುಳು: ಹೆಸರು ಒಂದು, ಜಾತಿ ಹಲವು

ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಬಿದ್ದ ಮೇಲೆ ಕುಮಟಾ ತಾಲ್ಲೂಕಿನ ಬಾಡದ ಕಡೆಯ ತೋಟಗಳಲ್ಲಿ ಮಿಂಚುಹುಳು ಕಾಣುವುದು ರೈತರಿಗೆ ಹೊಸತಲ್ಲ. ಆದರೆ ಅದರ ಮರಿ ತರಗೆಲೆಯ ಅಡಿಯಲ್ಲಿ ಸಿಕ್ಕಿದಾಗ ಬೇರು ತಿನ್ನುವ ಹುಳುವೆಂದು ಹೊಸಕಿಹಾಕುವುದುಂಟು. ಇದು ಕೈಯಾರೆ ಮಾಡಿಕೊಳ್ಳುವ ನಷ್ಟ.

ಹುಳುವೆಂಬ ಹೆಸರಿದ್ದರೂ ಇದು ದುಂಬಿ. ತೆಂಗಿನ ಸುಳಿ ಕೊರೆಯುವ ಕುರುವಾಯಿಯೂ ಇದೇ ಗಣದ್ದು. ದುಂಬಿಗಳಲ್ಲಿ ಲ್ಯಾಂಪಿರಿಡೆ ಎಂಬ ಕುಟುಂಬಕ್ಕೆ ಮಿಂಚುಹುಳುಗಳು ಸೇರಿದ್ದು, ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಏಷ್ಯದಲ್ಲಿ ಲೂಸಿಯೋಲಿನೆ ಉಪಕುಟುಂಬದವು ಹೆಚ್ಚು. ಹಾರುತ್ತ ಮಿಣುಕುವವು ಬಹುಮಟ್ಟಿಗೆ ಇವೇ. ಗಂಡಿನ ಹೊಟ್ಟೆಯ ತುದಿಯಲ್ಲಿ ಸಾಮಾನ್ಯವಾಗಿ ಎರಡು ಖಂಡಗಳು ಬೆಳಗಿದರೆ ಹೆಣ್ಣಿನಲ್ಲಿ ಒಂದೇ. ಲ್ಯಾಂಪ್ರಿಜೆರಾ ಎಂಬ ದೊಡ್ಡ ಜಾತಿಯಲ್ಲಿ ಹೆಣ್ಣಿಗೆ ರೆಕ್ಕೆಯೇ ಇಲ್ಲ. ಅದು ಮರಿಯಂತೆಯೇ ನೆಲದ ಮೇಲೆ ಹರಿದಾಡುತ್ತ, ಮಿಣುಕದೆ ಒಂದೇ ಸಮನೆ ಬೆಳಗುತ್ತದೆ.

ವರ್ಗೀಕರಣವು ಇನ್ನೂ ಬದಲಾಗುತ್ತಲೇ ಇದೆ. 1767ರಲ್ಲಿ ಲಿನ್ನೇಯಸ್ ಹೆಸರಿಸಿದ ಒಂದು ಪ್ರಭೇದವು ಬಹುಕಾಲ ಲೂಸಿಯೋಲ ಚೈನೆನ್ಸಿಸ್ ಎನಿಸಿಕೊಂಡಿತ್ತು. 2013ರಲ್ಲಿ ಅದನ್ನು ಅಬ್‌ಸ್ಕಾಂಡಿಟಾ ಎಂಬ ಹೊಸ ಜಾತಿಗೆ ಸೇರಿಸಲಾಯಿತು. ಆದ್ದರಿಂದ ಹಳೆಯ ಪುಸ್ತಕದ ಹೆಸರು ಹೊಸ ಪುಸ್ತಕದಲ್ಲಿ ಸಿಗದಿದ್ದರೆ ವಿಸ್ತರಣಾ ಕಾರ್ಯಕರ್ತರು ಗೊಂದಲಪಡಬೇಕಾಗಿಲ್ಲ.

ಬೆಳಕು ಹುಟ್ಟುವುದು ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದೊಡನೆ ಕೂಡಿದಾಗ. ಶಾಖ ಇಲ್ಲವೆನ್ನುವಷ್ಟು ಕಡಿಮೆ. ಮಿಣುಕುವ ಗತಿ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಗಂಡು ಹೆಣ್ಣು ಪರಸ್ಪರ ಗುರುತಿಸುವುದೇ ಇದರಿಂದ. ತೋಟದಲ್ಲಿ ರಾತ್ರಿಯಿಡೀ ವಿದ್ಯುದ್ದೀಪ ಉರಿದರೆ ಈ ಸಂಕೇತ ಮಸುಕಾಗಿ ಜೋಡಿಯಾಗುವುದಕ್ಕೆ ಅಡ್ಡಿಯಾಗುತ್ತದೆ.

ರೈತರಿಗೆ ಮುಖ್ಯವಾದುದು ಮರಿಯ ಆಹಾರ. ಮರಿಗಳು ಬಸವನಹುಳು, ಗೊಂಡೆಹುಳುಗಳನ್ನು ಕಚ್ಚಿ, ಜೀರ್ಣರಸ ಬಿಟ್ಟು, ಕರಗಿದ ಮಾಂಸವನ್ನು ಹೀರುತ್ತವೆ. ಕೆಲವು ಎರೆಹುಳುವನ್ನೂ ತಿನ್ನುತ್ತವೆ, ಅದನ್ನು ಮುಚ್ಚಿಡಬೇಕಿಲ್ಲ. 1847ರಲ್ಲಿ ಕಲ್ಕತ್ತೆಗೆ ತರಲಾದ ಆಫ್ರಿಕದ ದೈತ್ಯ ಬಸವನಹುಳು ಇಂದು ಅಡಿಕೆ, ವೀಳ್ಯದೆಲೆ, ತರಕಾರಿಗಳಿಗೆ ಪಿಡುಗಾಗಿದೆ. ಶ್ರೀಲಂಕೆಯಲ್ಲಿ ಲ್ಯಾಂಪ್ರಿಜೆರಾ ಮರಿಗಳು ಇದನ್ನೂ ಬೇಟೆಯಾಡುವುದು ಕಂಡುಬಂದಿದೆ. ಹಾಗೆಂದು ಮಿಂಚುಹುಳುವನ್ನೇ ನಂಬಿ ಕೂರುವಂತಿಲ್ಲ, ಬಸವನಹುಳುವಿನ ಸಂತಾನ ಅದಕ್ಕಿಂತ ವೇಗವಾಗಿ ಬೆಳೆಯುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಆರಿಸಿ ಉಪ್ಪು ನೀರಿಗೆ ಹಾಕುವುದು ಸುಲಭೋಪಾಯ. ಮೆಟಾಲ್ಡಿಹೈಡ್ ಬಳಸುವುದಾದರೆ ಹಾವಳಿ ಇದ್ದಲ್ಲಿ ಮಾತ್ರ ಇಡಬೇಕು. ತೋಟದ ತುಂಬ ಮಣ್ಣಿಗೆ ಕೀಟನಾಶಕ ಸುರಿಯುವುದು, ತರಗೆಲೆ ಸುಡುವುದು ಮರಿಗಳಿಗೆ ಮಾರಕ.

ಅಡಿಕೆಯ ಬೇರುಹುಳು ಬೆಳ್ಳಗೆ ದಪ್ಪಗಿದ್ದು ಬಿಲ್ಲಿನಂತೆ ಬಾಗಿರುತ್ತದೆ. ಮಿಂಚುಹುಳುವಿನ ಮರಿ ಸಾಮಾನ್ಯವಾಗಿ ಕಪ್ಪು ಅಥವಾ ಕಂದು. ಬೆನ್ನ ಮೇಲೆ ಒಂದರ ಹಿಂದೊಂದು ಗುರಾಣಿ ಜೋಡಿಸಿದಂತಿದ್ದು, ಕತ್ತಲಲ್ಲಿ ಬಾಲದ ಬಳಿ ಎರಡು ಚುಕ್ಕೆ ಮಂದವಾಗಿ ಬೆಳಗುತ್ತವೆ. ಅಗೆಯುವಾಗ ಅಂಥದು ಸಿಕ್ಕರೆ ತರಗೆಲೆಯಡಿಗೇ ಬಿಡತಕ್ಕದ್ದು.