ನಿಂತಲ್ಲೇ ನಡುಗುವ ಹಳೆಯ ಕಾರು

ಹಿರಿಯರು ಬಿಟ್ಟುಹೋದ ವಸ್ತುಗಳ ಮೇಲೆ ಮನೆಮಂದಿಗೆಲ್ಲ ಒಂದು ಬಗೆಯ ಮಮತೆ ಇರುವುದು ಸಹಜ. ಅಜ್ಜನ ಊರುಗೋಲಾಗಲಿ ಅಜ್ಜಿಯ ಬೀಸುವ ಕಲ್ಲಾಗಲಿ ಮೂಲೆಯಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ. ಆದರೆ ಹಿರಿಯರು ಬಿಟ್ಟುಹೋದ ಕಾರಿನ ಮಾತು ಹಾಗಲ್ಲ. ಅದು ಬೀದಿಗಿಳಿಯಬೇಕು, ನಮ್ಮವರನ್ನು ಕೂರಿಸಿಕೊಂಡು ಹೋಗಿ ಕ್ಷೇಮವಾಗಿ ಮರಳಬೇಕು.

ನಮ್ಮ ತೀರ್ಥರೂಪರು 1996ರಲ್ಲಿ ನಿವೃತ್ತಿಯ ಹಣದಿಂದ ಕೊಂಡ ಮೂರು ಸಿಲಿಂಡರಿನ ಪುಟ್ಟ ಕಾರು ದಾವಣಗೆರೆಯ ನಮ್ಮ ಮನೆಯಲ್ಲಿ ಇಂದಿಗೂ ಇದೆ. ಕೆಲವು ಕಾಲದ ಹಿಂದೆ ಅದಕ್ಕೊಂದು ಕಾಯಿಲೆ ಅಂಟಿತು. ಓಡುವಾಗ ಸರಿಯಾಗಿಯೇ ಓಡುತ್ತಿತ್ತು. ನಿಂತರೆ ಮಾತ್ರ ಚಳಿಜ್ವರ ಬಂದವರಂತೆ ನಡುಗುತ್ತಿತ್ತು. ಒಂದು ಬೆಳಿಗ್ಗೆ ಮಾತೋಶ್ರೀಯವರನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುತ್ತಿದ್ದಾಗ ನಾಲ್ಕು ರಸ್ತೆ ಕೂಡುವಲ್ಲಿ ಎಂಜಿನ್ ಆರಿಹೋಯಿತು. ಹಿಂದೆ ಬಸ್ಸು, ಪಕ್ಕದಲ್ಲಿ ಲಾರಿ, ಎಲ್ಲ ಕಡೆಯಿಂದ ಹಾರ್ನಿನ ಶಬ್ದ. ಮೂರನೆಯ ಪ್ರಯತ್ನಕ್ಕೆ ಕಾರು ಹೊರಟಿತಾದರೂ ತಾಯಿಯವರು ಸೀಟಿನ ಅಂಚನ್ನು ಹಿಡಿದ ಕೈಯನ್ನು ಮನೆ ಸೇರುವವರೆಗೆ ಬಿಡಲಿಲ್ಲ. ಒಳಗೆ ಬಂದವರೇ, “ಅವರ ಕಾರು ಅಂತ ಇಟ್ಟುಕೊಂಡದ್ದು ಸಾಕು, ಮಾರಿಬಿಡಿ” ಎಂದರು.

ಅದಾಗಲೇ ಒಬ್ಬ ಮೆಕ್ಯಾನಿಕ್ ಕಾರ್ಬ್ಯುರೇಟರಿನ ಒಂದು ತಿರುಪನ್ನು ತಿರುಗಿಸಿ ಎಂಜಿನ್ನಿನ ಐಡಲಿಂಗ್ ವೇಗ ಹೆಚ್ಚಿಸಿದ್ದ. ನಡುಕ ಕೆಲದಿನ ಮರೆಯಾಯಿತು. ಆದರೆ ಪೆಟ್ರೋಲ್ ಖರ್ಚು ಏರಿತು, ರಿವರ್ಸ್ ಗೇರು ಕಿರುಗುಡತೊಡಗಿತು, ತಿಂಗಳೊಳಗೆ ನಡುಕವೂ ಮರಳಿತು. ಇನ್ನೊಂದು ವರ್ಕ್‌ಶಾಪಿನವರು ಎಂಜಿನ್ ಬಿಚ್ಚಲೇಬೇಕೆಂದು ಹೇಳಿ ಕಾರಿನ ಬೆಲೆಯ ಅರ್ಧಕ್ಕೂ ಮಿಕ್ಕಿದ ಲೆಕ್ಕ ಕೊಟ್ಟರು. ಕೊನೆಗೆ ವೃತ್ತಿಯಿಂದ ನಿವೃತ್ತರಾಗಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದರು. ಅವರು ಬಂದೊಡನೆ ಸ್ಪ್ಯಾನರ್ ಕೇಳಲಿಲ್ಲ. ಒಂದು ಮೊಳ ರಬ್ಬರ್ ಕೊಳವೆ ಕೇಳಿದರು. ಅದರ ಒಂದು ತುದಿಯನ್ನು ಕಿವಿಗಿಟ್ಟು ಇನ್ನೊಂದನ್ನು ಎಂಜಿನ್ನಿನ ಸುತ್ತ ಆಡಿಸುತ್ತ ಹೋದರು. ಒಂದೆಡೆ ನಿಂತು ನಮ್ಮನ್ನೂ ಕರೆದು ಕೇಳಿಸಿದರು. ಹಾವು ಬುಸುಗುಟ್ಟಿದಂತಹ ಸಣ್ಣ ಸದ್ದು. ಎಂಜಿನ್ನಿಗೆ ಗಾಳಿ ಸೇರಿಸುವ ದಾರಿಗೆ ಜೋಡಿಸಿದ್ದ ರಬ್ಬರ್ ಹೋಸ್, ಕಣ್ಣಿಗೆ ಬೀಳದ ಕೆಳಮಗ್ಗುಲಿನಲ್ಲಿ ಬಿರುಕು ಬಿಟ್ಟಿತ್ತು. ಅದನ್ನೂ ಸವೆದಿದ್ದ ಸ್ಪಾರ್ಕ್ ಪ್ಲಗ್ಗುಗಳನ್ನೂ ಬದಲಾಯಿಸಿ, ತಿರುಪನ್ನು ಮೊದಲಿನ ಸ್ಥಿತಿಗೆ ತಂದ ಮೇಲೆ ಕಾರು ಶಾಂತವಾಯಿತು.

ಇದರಲ್ಲಿ ಯಾರ ತಯಾರಿಕೆಯ ದೋಷವೂ ಇಲ್ಲ. ರಬ್ಬರು ವಯಸ್ಸಾದಂತೆ ಒಣಗುತ್ತದೆ. ಆದರೆ ಅಂದು ನಾವು ಕಲಿತ ಪಾಠವನ್ನು, ಹಳೆಯ ಕಾರು ಉಳಿಸಿಕೊಂಡಿರುವ ಮನೆಗಳೊಡನೆ ಹಂಚಿಕೊಳ್ಳಬೇಕೆನಿಸಿತು. ಪ್ರೀಮಿಯರ್ ಪದ್ಮಿನಿ ಈಗ ತಯಾರಾಗುವುದಿಲ್ಲ. ಅಂಬಾಸಡರ್ ಮತ್ತು 1983ರ ಡಿಸೆಂಬರಿನಲ್ಲಿ ಆರಂಭವಾದ ಮಾರುತಿ 800, ಇವೆರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೂ ಅನೇಕ ಮನೆಗಳಲ್ಲಿ ಅವು ಇನ್ನೂ ಓಡುತ್ತಿವೆ.

ನಿಂತಾಗಲೇ ನಡುಕವೇಕೆ?

ಆಕ್ಸಿಲರೇಟರನ್ನು ಒತ್ತದೆ, ಗೇರಿಗೆ ಹಾಕದೆ ಎಂಜಿನ್ ತನ್ನಷ್ಟಕ್ಕೆ ತಿರುಗುತ್ತಿರುವುದೇ ಐಡಲಿಂಗ್. ಇಂತಹ ಸಣ್ಣ ಕಾರುಗಳಲ್ಲಿ ಅದು ನಿಮಿಷಕ್ಕೆ ಸುಮಾರು 800ರಿಂದ 950 ಸುತ್ತು. ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ, ಎರಡು ಸುತ್ತಿಗೊಮ್ಮೆ ಕಿಡಿ ಹತ್ತುವ ಪ್ರತಿ ಸಿಲಿಂಡರೂ ನಿಮಿಷಕ್ಕೆ 450 ಸಲ, ಮೂರೂ ಸೇರಿ 1350 ಸಲ ಉರಿಯಬೇಕು. ಅವುಗಳಲ್ಲಿ ಒಂದು ಸಿಲಿಂಡರು ಸರಿಯಾಗಿ ಉರಿಯದಿದ್ದರೆ ಶಕ್ತಿಯ ಮೂರನೆಯ ಒಂದು ಪಾಲೇ ತಪ್ಪಿದಂತೆ. ನಡುಗದೆ ಇನ್ನೇನಾದೀತು?

ಪೆಟ್ರೋಲ್ ಪೂರ್ಣವಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಐಡಲಿಂಗಿನಲ್ಲಿ ಗಾಳಿಯ ಬಾಗಿಲು ಬಹುಪಾಲು ಮುಚ್ಚಿರುವುದರಿಂದ ಎಂಜಿನ್ ಗುಟುಕು ಗುಟುಕಾಗಿ ಉಸಿರಾಡುತ್ತದೆ, ಒಳಗಿನ ಸೆಳೆತ ಬಲವಾಗಿರುತ್ತದೆ. ಆಗ ಬಿರುಕಿನ ಮೂಲಕ ನುಗ್ಗುವ ಸ್ವಲ್ಪ ಗಾಳಿಯೂ ಲೆಕ್ಕ ಕೆಡಿಸುತ್ತದೆ. ಒಂದು ಸೌಟು ನೀರು ಒಂದು ಲೋಟ ಹಾಲಿಗೆ ಬಿದ್ದರೆ ಹಾಲು ಕೆಟ್ಟಿತು. ಒಂದು ಕೊಡ ಹಾಲಿಗೆ ಬಿದ್ದರೆ ಗೊತ್ತೇ ಆಗದು. ಓಡುವಾಗ ಸುಮ್ಮನಿದ್ದು ನಿಂತಾಗ ನಡುಗುವ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ

ತಿರುಪು ತಿರುಗಿಸಿ ವೇಗ ಹೆಚ್ಚಿಸುವುದು, ಜ್ವರ ಬಂದವರಿಗೆ ಕಂಬಳಿ ಹೊದಿಸಿ ಗುಣವಾಯಿತೆಂದು ನಂಬಿದಂತೆ. ತಿರುಪಿಗೆ ಕೈಹಾಕುವುದು ಉಳಿದುದೆಲ್ಲ ಸರಿಯಾದ ಮೇಲೆ. ಮೊದಲು ಗಮನಿಸಬೇಕು: ತಣ್ಣಗಿರುವಾಗ ನಡುಕವೇ, ಬಿಸಿಯಾದ ಮೇಲೆಯೇ? ನಡುಕ ಒಂದೇ ತಾಳದಲ್ಲಿದೆಯೇ, ಅಡ್ಡಾದಿಡ್ಡಿಯೇ? ಹೊಗೆಯ ಬಣ್ಣವೇನು? ಇವನ್ನು ಕಾಗದದಲ್ಲಿ ಬರೆದಿಟ್ಟರೆ ಮೆಕ್ಯಾನಿಕ್ಕಿನ ಅರ್ಧ ಕೆಲಸ ಆದಂತೆ.

ಬಳಿಕ ಗಾಳಿಯ ಶೋಧಕವನ್ನು ನೋಡಬೇಕು. ಧೂಳು ಕಟ್ಟಿದ್ದರೆ ಬದಲಿಸಬೇಕು. ಚೋಕ್ ಗುಂಡಿಯನ್ನು ಒಳಗೆ ತಳ್ಳಿದಾಗ ಕಾರ್ಬ್ಯುರೇಟರಿನ ಚೋಕ್ ನಿಜವಾಗಿ ಪೂರ್ತಿ ತೆರೆಯುವುದೇ ಎಂಬುದನ್ನೂ ನೋಡಬೇಕು. ಅದು ಅರ್ಧದಲ್ಲಿ ಸಿಕ್ಕಿಕೊಂಡಿದ್ದರೆ ಬಿಸಿ ಎಂಜಿನ್ನಿಗೆ ಪೆಟ್ರೋಲ್ ಅತಿಯಾಗುತ್ತದೆ.

ಮೂರನೆಯದು ಹೋಸುಗಳು. ಎಂಜಿನ್ ಆರಿಸಿ, ತಣಿದ ಮೇಲೆ ಒಂದೊಂದನ್ನೂ ಬಾಗಿಸಿ ಕೆಳಮಗ್ಗುಲನ್ನೂ ನೋಡಬೇಕು. ಬ್ರೇಕಿಗೆ ಬೂಸ್ಟರ್ ಇರುವ ಕಾರಾದರೆ ಅದರ ಹೋಸ್ ವಿಷಯದಲ್ಲಿ ಉದಾಸೀನ ಸಲ್ಲದು. ಅಲ್ಲಿ ಗಾಳಿ ಸೋರಿದರೆ ಐಡಲಿಂಗ್ ಕೆಡುವುದಷ್ಟೇ ಅಲ್ಲ, ಬ್ರೇಕ್ ಒತ್ತುವುದೂ ಕಷ್ಟವಾಗುತ್ತದೆ.

ನಾಲ್ಕನೆಯದು ಪ್ಲಗ್ಗುಗಳು. ತುದಿ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು; ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳನುಸುಳುತ್ತಿದೆ; ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚಿರಬಹುದು. ತುದಿಯ ಸಂದು ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಪ್ಲಗ್ಗಿನ ತಂತಿ, ಡಿಸ್ಟ್ರಿಬ್ಯೂಟರ್ ಮುಚ್ಚಳ, ಅದರೊಳಗಿನ ಪಾಯಿಂಟುಗಳ ಸರದಿ ನಂತರದ್ದು. ಇವೆಲ್ಲ ಸರಿಯಿದ್ದೂ ನಡುಕ ನಿಲ್ಲದಿದ್ದರೆ ಕಾರ್ಬ್ಯುರೇಟರ್ ಶುಚಿಮಾಡಿಸಿ, ವಾಲ್ವುಗಳ ಸಂದು ನೋಡಿಸಿ, ಸಿಲಿಂಡರುಗಳ ಒತ್ತಡ ಅಳೆಯಿಸಬೇಕು. ಒಂದರ ಒತ್ತಡ ಉಳಿದವಕ್ಕಿಂತ ಬಹಳ ಕಡಿಮೆಯಿದ್ದರೆ ಆಗ ಎಂಜಿನ್ ಬಿಚ್ಚುವ ಮಾತು ನ್ಯಾಯವಾದುದು. ಅಳೆಯುವ ಮೊದಲೇ ಬಿಚ್ಚುವುದು, ಇಲಿಯಿದೆಯೆಂದು ಮನೆಗೆ ಬೆಂಕಿಯಿಟ್ಟಂತೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸಬೇಕೆಂಬುದನ್ನು ಮರೆಯಬಾರದು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಇಂದಿನ ಪೆಟ್ರೋಲಿನ ಸಂಗತಿಯೂ ತಿಳಿದಿರಬೇಕು. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶದಲ್ಲೆಲ್ಲ ಸಾಮಾನ್ಯವಾಯಿತು. ಹಳೆಯ ಕಾರ್ಬ್ಯುರೇಟರ್ ಕಾರುಗಳ ರಬ್ಬರ್ ಭಾಗಗಳು ಇದಕ್ಕೆಂದು ರೂಪುಗೊಂಡವಲ್ಲ. ಎಥನಾಲ್ ತೇವವನ್ನೂ ಹೀರುತ್ತದೆ. ಆದುದರಿಂದ ಪೆಟ್ರೋಲ್ ಹೋಸುಗಳನ್ನು ಆಗಾಗ ನೋಡುತ್ತಿರಬೇಕು; ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬಾರದು. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ, ಸೋರಿಕೆ ಪತ್ತೆಯಾಗುವವರೆಗೆ ಕಾರು ಚಾಲೂ ಮಾಡಕೂಡದು.

ಎಚ್ಚರಿಕೆಯ ನಾಲ್ಕು ಮಾತು

ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ ಚಾಲೂ ಇಡಕೂಡದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣವನ್ನೇ ತೆಗೆದೀತು. ಸೆರಗು, ಶಲ್ಯ, ಸಡಿಲ ತೋಳುಗಳನ್ನು ಬೆಲ್ಟಿನಿಂದ ದೂರವಿಡಬೇಕು; ವಿದ್ಯುತ್ ಫ್ಯಾನು ಹೇಳದೆ ಕೇಳದೆ ತಿರುಗೀತು. ಎಂಜಿನ್ ಓಡುವಾಗ ಪ್ಲಗ್ಗಿನ ತಂತಿಯನ್ನು ಮುಟ್ಟಬಾರದು. ಅದರಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ಸೋರಿಕೆ ಹುಡುಕಲೆಂದು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಚಿಮುಕಿಸುವವರನ್ನು ತಡೆಯಬೇಕು.

ಹೀಗೆಲ್ಲ ಮಾಡಿದರೂ ಕೆಲವು ಕಾರುಗಳು ಉಳಿಯುವುದಿಲ್ಲ. ನೀಲಿ ಹೊಗೆ, ಕುಸಿದ ಒತ್ತಡ, ತುಕ್ಕು ಹಿಡಿದ ತಳ ಇವು ಮೂರೂ ಕೂಡಿದ್ದರೆ ಮಮತೆಗಿಂತ ಮನೆಯವರ ಕ್ಷೇಮ ದೊಡ್ಡದೆಂದು ತಿಳಿದು ಬೀಳ್ಕೊಡುವುದೇ ವಿವೇಕ. ಆದರೆ ಆ ತೀರ್ಮಾನ ಪರೀಕ್ಷೆಯಾದ ಮೇಲೆ ಬರಲಿ.

ದುರಸ್ತಿಯಾದ ಮರುವಾರ ತಾಯಿಯವರನ್ನು ಮತ್ತೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಅದೇ ನಾಲ್ಕು ರಸ್ತೆಯಲ್ಲಿ ಸಿಗ್ನಲ್ ಬಿದ್ದು ಕಾರು ನಿಂತಿತು. ನಾವು ಮಾತನಾಡದೆ ಎಂಜಿನ್ನಿನ ಸದ್ದನ್ನೇ ಆಲಿಸುತ್ತಿದ್ದೆವು. ಅವರು ಕಿಟಕಿಯ ಹೊರಗೆ ನೋಡುತ್ತ, “ಕಾರು ಆಫ್ ಮಾಡಿದಿರೇನು?” ಎಂದು ಕೇಳಿದರು. ಅವರ ಎರಡೂ ಕೈಗಳು ಮಡಿಲಿನಲ್ಲಿದ್ದವು. ಮಾರುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನಾವೂ ನೆನಪಿಸಲಿಲ್ಲ.